ಅಜ್ಜನ ಕಿವಿಯಲ್ಲಿ ಇದ್ದವ

ಟಿಳಕವಾಡಿಯಲ್ಲಿ ನಾನು ನರ್ಸ್ ಆಗಿರುವ ಕಿವಿ ದವಾಖಾನೆಗೆ ಪಾರಿಶ್ವಾಡದ ಕುರಿ ಕಾಯುವ ಅಜ್ಜ ಬಂದಿದ್ದ. "ಕಿವ್ಯಾಗ ಯಾವನೋ ಉಸಿರಾಡ್ತಾನ್ರಿ ಅಕ್ಕಾರ. ನಾ ಮಲಗಿದ್ರ ಸುಮ್ಮನಾಗ್ತಾನ."

ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಾಳ ಮುಚ್ಚುತ್ತಲೇ ಇಲ್ಲ, ಆಪರೇಷನ್ ಮಾಡಿ ಸಣ್ಣ ಬಿರಡೆ ಇಡಬಹುದು, ಇಲ್ಲವೇ ಮೆದು ಎಲುಬಿನ ಚೂರು ಸೇರಿಸಿ ಕಿರಿದು ಮಾಡಬಹುದು ಎಂದರು ಡಾಕ್ಟರು.

"ಮೊದ್ಲ ಒಳಗಿದ್ದಂವನ್ನ ಹೊರಗ ಹಾಕ್ರಿ, ಆಮ್ಯಾಲ ಬಾಗ್ಲಾ ಮುಚ್ರಿ."

"ಅದು ನಿಮ್ಮದ ಉಸಿರ್ರಿ ಅಜ್ಜಾರ" ಎಂದು ರಬ್ಬರ್ ನಳಿಗೆಯ ಒಂದು ತುದಿ ಅವನ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಇಟ್ಟೆ. "ಉಸಿರು ಹಿಡೀರಿ, ನಿಲ್ತೈತಿ." ಅಜ್ಜ ಹಿಡಿದ. ನನಗೆ ನಳಿಗೆಯಲ್ಲಿ ಉಸಿರಾಟ ಕೇಳುತ್ತಲೇ ಇತ್ತು.

"ಹೋದ್ನೇನ್ರಿ?"

"ಹೋದ" ಎಂದೆ. ಅಜ್ಜ ಆಪರೇಷನ್ನಿಗೆ ಸಹಿ ಹಾಕಿದ.

ಆಮೇಲೆ ಇದನ್ನು ಹೇಳಿದರೆ, ನಿನಗೆ ನಿನ್ನದೇ ಉಸಿರು ಕೇಳಿರಬೇಕು ಎನ್ನುತ್ತಾರೆ ಡಾಕ್ಟರು. ರೋಗಿಗೆ ಉಸಿರು ಹಿಡಿಯಲು ಹೇಳಿದಾಗೆಲ್ಲ ನಾನೂ ಹಿಡಿದಿರುತ್ತೇನೆ ಎಂಬುದನ್ನು ಅವರಿಗೆ ಹೇಳಿಲ್ಲ.