ನಲವತ್ತೊಂದನೆಯ ಕೈ

ನಂಜುಂಡಯ್ಯ ಅಂಕಲ್ ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಟೀಲ್ ಚಮಚ ಇರುತ್ತಿತ್ತು. ಆ ಚಮಚ ಸಾರಿಗೆ ಇಳಿಯದೆ ನಮ್ಮ ಕನ್ನಡ ಸಂಘದ ಯಾವ ಊಟವೂ ಶುರುವಾಗುತ್ತಿರಲಿಲ್ಲ. ಡಾಲಸ್ ಪಕ್ಕದ ಇರ್ವಿಂಗ್‌ನ ಬಾಡಿಗೆ ಹಾಲ್‌ನಲ್ಲಿ ಜನ ಪೇಪರ್ ತಟ್ಟೆ ಹಿಡಿದು ಸಾಲಾಗಿ ನಿಂತಿರುವಾಗ ಅಧ್ಯಕ್ಷರಾದ ಅವರು ಪಾತ್ರೆಯ ಮುಚ್ಚಳ ಸರಿಸಿ, ಒಂದು ಚಮಚ ಹೀರಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು. "ಉಪ್ಪು ಒಂಚೂರು ಹಿಂದೆ ಬಿದ್ದಿದೆ. ಪರ್ವಾಗಿಲ್ಲ, ಬಡಿಸಿ." ಸಾರು ಮಾಡಿದವರು ಅವರ ಹೆಂಡತಿ ಗಿರಿಜಾ ಆಂಟಿ. ಅಂಕಲ್ ಅಧ್ಯಕ್ಷರಾಗಿದ್ದ ಒಂಬತ್ತು ವರ್ಷದಲ್ಲಿ ಒಂದು ಸಲವೂ ಆ ಸಾರಿಗೆ ಉಪ್ಪು ಸರಿಯಾಗಿರಲಿಲ್ಲ. ಆಂಟಿ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದರು, ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ಅಂಕಲ್ ಮೈಸೂರಿನ ಕಡೆಯವರು, ರಸ್ತೆ ಸೇತುವೆಗಳ ನಕ್ಷೆ ಮಾಡುವ ಕೆಲಸದಿಂದ ನಿವೃತ್ತರಾದವರು. ಕುಳ್ಳು ಆಳು. ರೇಷ್ಮೆ ಜುಬ್ಬಕ್ಕೆ ಬಿಳಿ ಸ್ಪೋರ್ಟ್ಸ್ ಶೂ ಹಾಕುತ್ತಿದ್ದರು. ವೇದಿಕೆ ಹತ್ತುವ ಮುಂಚೆ ಕನ್ನಡಕ ತೆಗೆದು ಜೇಬಿಗಿಳಿಸುತ್ತಿದ್ದರು, ಫೋಟೋದಲ್ಲಿ ಗಾಜು ಹೊಳೆಯುತ್ತದೆ ಎಂದು. ಕನ್ನಡಕವಿಲ್ಲದೆ ಅವರಿಗೆ ಮೊದಲ ಸಾಲಿನಾಚೆಗೆ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಅವರ ಭಾಷಣಕ್ಕೆ ಜನ ಆಕಳಿಸುವುದು ಅವರಿಗೆ ಕೊನೆವರೆಗೂ ತಿಳಿಯಲಿಲ್ಲ.

ಆ ಒಂಬತ್ತು ವರ್ಷವೂ ಅವರದು ಅವಿರೋಧ ಆಯ್ಕೆ. ಅದಕ್ಕೊಂದು ಪದ್ಧತಿಯಿತ್ತು. ರಾಜ್ಯೋತ್ಸವದ ದಿನ ಊಟಕ್ಕೆ ಸ್ವಲ್ಪ ಮುಂಚೆ, ಬಿಸಿಬೇಳೆಬಾತಿನ ವಾಸನೆ ಹಾಲ್ ತುಂಬಿ ಮಕ್ಕಳು ರಚ್ಚೆ ಹಿಡಿದಿರುವ ಹೊತ್ತಿಗೆ, ಅಂಕಲ್ ಮೈಕ್ ಹಿಡಿದು "ಬೇರೆ ಯಾರಾದ್ರೂ ನಿಲ್ಲೋರಿದ್ದೀರಾ?" ಎಂದು ಮೂರು ಸಲ ಕೇಳುತ್ತಿದ್ದರು. ಹಸಿದವರು ಯಾರು ನಿಲ್ಲುತ್ತಾರೆ? ಚಪ್ಪಾಳೆ, ಊಟ. ಒಮ್ಮೆ ಪಕ್ಕದೂರು ಕ್ಯಾರಲ್ಟನ್‌ನ ಹುಡುಗನೊಬ್ಬ ತಾನು ನಿಲ್ಲುತ್ತೇನೆಂದು ಮೊದಲೇ ಹೇಳಿಕೊಂಡು ಓಡಾಡಿದ. ಅಂಕಲ್ ಅವನನ್ನು ಮನೆಗೆ ಕಾಫಿಗೆ ಕರೆದರು. ಹೋಗುವಾಗ ಅಧ್ಯಕ್ಷನಾಗಲು ಹೊರಟಿದ್ದವನು ಬರುವಾಗ ಕುರ್ಚಿ ಜೋಡಿಸುವ ಸಮಿತಿಯ ಸಂಚಾಲಕನಾಗಿದ್ದ.

ಇಂಥ ಮನುಷ್ಯ 2019ರಲ್ಲಿ ಪ್ರಜಾಪ್ರಭುತ್ವದ ಮೇಲೆ ಪ್ರವಚನ ಶುರು ಮಾಡಿದರು. ಆ ವರ್ಷ ಅಮೆರಿಕದ ಅಧ್ಯಕ್ಷರ ವಿರುದ್ಧ ಅವರದೇ ಪಕ್ಷದ ಒಂದಿಬ್ಬರು ಪ್ರೈಮರಿಗೆ, ಅಂದರೆ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಗೆ, ನಿಲ್ಲುತ್ತೇವೆ ಎಂದಿದ್ದರು. ಕೆಲವು ರಾಜ್ಯಗಳಲ್ಲಿ ಪಕ್ಷದವರು ಪ್ರೈಮರಿಯೇ ಬೇಡ ಎಂದುಬಿಟ್ಟರು. ಅಂಕಲ್‌ಗೆ ಮೈಯೆಲ್ಲ ಉರಿಯಿತು. ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಕನ್ನಡಿಗರ ಸಭೆಯೊಂದಿತ್ತು, ನಮ್ಮ ಕಾರಿನಲ್ಲೇ ಅವರನ್ನೂ ಆಂಟಿಯನ್ನೂ ಕರೆದುಕೊಂಡು ಹೊರಟೆವು. ಡಾಲಸ್ ದಾಟುವ ಮೊದಲೇ ಶುರು ಮಾಡಿದರು.

"ಸ್ಪರ್ಧೆನೇ ಬೇಡ ಅಂದ್ರೆ ಅದು ಪಾರ್ಟಿ ಅಲ್ಲ, ಮಠ. ಕೂತವನು ಗಟ್ಟಿ ಇದ್ರೆ ಒಂದು ಸಲ ತಳ್ಳಿದ್ರೆ ಬಿದ್ಹೋಗ್ತಾನಾ? ಹೊರಗಿನವರು ಬೈದ್ರೆ ಅದಕ್ಕೆ ಬೆಲೆ ಇಲ್ಲ ಕಣ್ರಯ್ಯ. ಒಳಗಿನವರೇ ಎದ್ದು ಕೇಳ್ಬೇಕು."

ನನ್ನ ಗಂಡ ಬಸವರಾಜ ಧಾರವಾಡದವನು, ಜಗಳವೆಂದರೆ ಆಗದು. ಸ್ಟೀರಿಂಗ್ ಮೇಲಿಂದ ಕಣ್ಣು ತೆಗೆಯದೆ, "ಹಂಗಲ್ರಿ ಅಂಕಲ್. ಕುಂತಾವನ್ನ ಮನಿ ಮಂದಿನ ಎಬ್ಬಿಸಾಕ ಹೋದ್ರ ಲಾಭ ಎದುರ ಮನಿಯಾವಗ ನೋಡ್ರಿ. ಚುನಾವಣಿ ಬಂದಾಗ ಎಲ್ಲಾರೂ ಒಂದ ಇರಬೇಕ್ರಿ" ಎಂದ.

"ಅದನ್ನೇ ಹೇಡಿತನ ಅನ್ನೋದು" ಎಂದರು ಅಂಕಲ್. ಆಮೇಲೆ ನನ್ನ ಕಡೆ ತಿರುಗಿ, "ನೀನೇನಮ್ಮ ಶೈಲಾ, ನಗ್ತೀಯ? ನಿಮ್ಮಂಥವರಿಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು. ನೀವು ಊಟದ ಹೊತ್ತಿಗೆ ಬರೋ ಜನ" ಎಂದರು.

ಆ ಮಾತು ನನಗೆ ನಾಟಿತು. ಏಕೆಂದರೆ ಅದು ನಿಜ, ನಾನು ಊಟದ ಹೊತ್ತಿಗೇ ಹೋಗುತ್ತಿದ್ದೆ. ಹ್ಯೂಸ್ಟನ್ ತಲುಪುವಷ್ಟರಲ್ಲಿ, ಈ ಸಲ ಅವರ ಎದುರು ನಾನೇ ನಿಲ್ಲುವುದೆಂದು ತೀರ್ಮಾನ ಮಾಡಿಯಾಗಿತ್ತು. ಸಂಘದ ಉದ್ಧಾರಕ್ಕಾಗಿ ಎಂದು ಆಮೇಲೆ ಎಲ್ಲರಿಗೂ ಹೇಳಿದೆ, ಅದು ಸುಳ್ಳು. ನನಗೆ ಅವರನ್ನು ಅವರ ಮಾತಿನಿಂದಲೇ ಹೊಡೆಯಬೇಕಿತ್ತು.

ಸುದ್ದಿ ತಿಳಿದ ವಾರದಲ್ಲೇ ಕಾಫಿಗೆ ಕರೆ ಬಂತು. ಅಂಕಲ್ ಸೋಫಾದಲ್ಲಿ ನನ್ನ ಪಕ್ಕ ಕೂತು ಬಹಳ ಮೆತ್ತಗೆ ಮಾತಾಡಿದರು. "ನೋಡಮ್ಮ, ದೇಶ ಬೇರೆ, ಸಂಘ ಬೇರೆ. ಇದು ಮನೆ ಇದ್ದ ಹಾಗೆ. ಮನೇಲಿ ಯಾರಾದ್ರೂ ಎಲೆಕ್ಷನ್ ಮಾಡ್ತಾರಾ?" ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದರೆ ಇದೇ. ನಾನು ಅದನ್ನು ಅವರ ಮುಖಕ್ಕೇ ಹೇಳಿದೆ. ಆಂಟಿ ಕಾಫಿ ಕೊಟ್ಟು, ನನ್ನ ತಟ್ಟೆಗೆ ಇನ್ನೆರಡು ಕೋಡುಬಳೆ ಹಾಕಿ ಒಳಗೆ ಹೋದರು.

ಅಂಕಲ್‌ಗೆ ಸಂಘದ ಕಾರ್ಯದರ್ಶಿ ರಾಮಪ್ರಸಾದ್ ಇಪ್ಪತ್ತು ವರ್ಷದ ಗೆಳೆಯ, ತಮ್ಮನಿಗಿಂತ ಹೆಚ್ಚು. ಓಟನ್ನು ಚೀಟಿಯಲ್ಲಿ ಬರೆಸಿ ಡಬ್ಬಿಗೆ ಹಾಕಿಸೋಣ ಎಂದು ಅವರು ಬೇಡಿಕೊಂಡರು. ಅಂಕಲ್ ಒಪ್ಪಲಿಲ್ಲ. "ನಮ್ಮ ಜನದ ಮುಂದೆ ಗುಟ್ಟು ಯಾಕೆ? ಕೈ ಎತ್ಲಿ. ನನ್ನ ಮುಖ ನೋಡ್ಕೊಂಡು ಯಾವನು ಕೈ ಎತ್ತುತ್ತಾನೋ ನೋಡೋಣ." ಎಲ್ಲರ ಬಾಯಲ್ಲೂ ಅಂಕಲ್ ಅನ್ನಿಸಿಕೊಂಡ ಮೇಲೆ ತಾನು ಎಲ್ಲರ ಚಿಕ್ಕಪ್ಪನೇ ಆಗಿಬಿಟ್ಟೆ ಅಂದುಕೊಂಡಿದ್ದರು. ಆ ಮುಖ ನೋಡಲು ಜನಕ್ಕೆ ಯಾವ ಕಷ್ಟವೂ ಇರಲಿಲ್ಲ. ಜನರ ಮುಖ ಕಾಣದಿದ್ದದ್ದು ಅವರಿಗೆ. ಆ ವರ್ಷದ ರಾಜ್ಯೋತ್ಸವದ ದಿನವೂ ಕನ್ನಡಕ ಜೇಬಿಗಿಳಿಸಿಯೇ ವೇದಿಕೆ ಹತ್ತಿದ್ದರು.

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಮೊದಲು ನನ್ನ ಪರ ಇರುವವರು ಕೈ ಎತ್ತಬೇಕೆಂದರು. ರಾಮಪ್ರಸಾದ್ ಸಾಲುಗಳ ನಡುವೆ ಬೆರಳು ತೋರಿಸುತ್ತ, ಗಟ್ಟಿಯಾಗಿ ಎಣಿಸುತ್ತ ಹಿಂದಕ್ಕೆ ಹೋದರು. ನಲವತ್ತು ಎಂದವರು ಅಡುಗೆಮನೆ ಬಾಗಿಲ ಹತ್ತಿರ ನಿಂತುಬಿಟ್ಟರು. ಅಲ್ಲಿ ಗಿರಿಜಾ ಆಂಟಿ, ಎಡಗೈಯಲ್ಲಿ ಸೌಟು, ಬಲಗೈ ಮೇಲೆ. ಅರ್ಧಂಬರ್ಧ ಎತ್ತಿದ ಕೈಯಲ್ಲ, ಶಾಲೆಯಲ್ಲಿ ಉತ್ತರ ಗೊತ್ತಿರುವ ಹುಡುಗಿ ಎತ್ತುವಂತೆ ನೆಟ್ಟಗೆ ಎತ್ತಿದ್ದರು. ರಾಮಪ್ರಸಾದ್ ಒಂದು ಸಲ ವೇದಿಕೆಯ ಕಡೆ ನೋಡಿದರು. ಅಂಕಲ್ ಏನೂ ಕಾಣದೆ ಮುಗುಳ್ನಗುತ್ತಿದ್ದರು.

"ನಲವತ್ತೊಂದು" ಎಂದರು ರಾಮಪ್ರಸಾದ್.

ಅಂಕಲ್‌ಗೆ ಬಿದ್ದದ್ದು ನಲವತ್ತು. ಆಂಟಿಯ ಆ ಒಂದು ಕೈ ಅವರ ಕಡೆ ಎದ್ದಿದ್ದರೆ ಹತ್ತನೆಯ ವರ್ಷವೂ ಅವರೇ. ಅಂಕಲ್ ಮೈಕ್ ನನಗೆ ಕೊಟ್ಟು ಮೆಟ್ಟಿಲು ಇಳಿದರು. ಆ ದಿನ ಸಾರಿನ ರುಚಿ ಯಾರೂ ನೋಡಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ನಾನು ಎರಡು ಸಲ ಬಡಿಸಿಕೊಂಡೆ.

ಬೇರೆಯವರಾಗಿದ್ದರೆ ನಾಲ್ಕು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದರು. ಅಂಕಲ್ ಸದಸ್ಯರ ಪಟ್ಟಿ ಹಿಡಿದು ಫೋನ್ ಮಾಡತೊಡಗಿದರು. ಇರ್ವಿಂಗ್, ಕ್ಯಾರಲ್ಟನ್, ಒಂದು ಮನೆಯನ್ನೂ ಬಿಡಲಿಲ್ಲ. "ಒಂದೇ ಒಂದು ಮಾತು ಹೇಳಪ್ಪ. ಅವತ್ತು ನಿನ್ನ ಕೈ ಎಲ್ಲಿತ್ತು?" ಎಲ್ಲರೂ ನಿಮ್ಮ ಕಡೆಗೇ ಅಂಕಲ್ ಎಂದರು. ಕೂಡಿ ನೋಡಿದರೆ ಎಂಬತ್ತು ಜನವೂ ಅವರಿಗೇ ಓಟು ಹಾಕಿದ್ದರು. ಹಾಗಾದರೆ ತಪ್ಪು ಎಣಿಸಿದವನದು ಎಂದು ನಿಶ್ಚಯಿಸಿದರು. ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ "ಜೊತೆಯಲ್ಲಿ ಉಂಡವನೇ ಬೆನ್ನಿಗೆ ಚೂರಿ ಹಾಕಿದ" ಎಂದು ಬರೆದರು. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ರಾಮಪ್ರಸಾದ್ ಉತ್ತರ ಕೊಡದೆ ಕಾರ್ಯದರ್ಶಿ ಸ್ಥಾನ ಬಿಟ್ಟರು. ಡಿಸೆಂಬರ್ ಮೊದಲ ವಾರ ಹ್ಯೂಸ್ಟನ್‌ನಲ್ಲಿ ಅವರ ಮಗಳ ಮದುವೆ. ತಂದೆ ತಾಯಿ ಇಲ್ಲದ ರಾಮಪ್ರಸಾದ್, ಹಿರಿಯರ ಜಾಗದಲ್ಲಿ ಅಂಕಲ್ ಆಂಟಿ ನಿಂತು ಧಾರೆ ನಡೆಸಿಕೊಡಬೇಕೆಂದು ವರ್ಷದ ಹಿಂದೆಯೇ ಕೇಳಿಕೊಂಡಿದ್ದರು. ಅಂಕಲ್ ಹೋಗಲಿಲ್ಲ, ಆಂಟಿಯನ್ನೂ ಕಳಿಸಲಿಲ್ಲ. ಮಂಟಪದ ಪಕ್ಕ ಎರಡು ಕುರ್ಚಿ ಖಾಲಿ ಇದ್ದವು, ರಾಮಪ್ರಸಾದ್ ಮುಹೂರ್ತ ಮುಗಿಯುವವರೆಗೂ ಅವುಗಳನ್ನು ತೆಗೆಸಲಿಲ್ಲ.

ಆ ಕೊನೆಯ ಕೈ ಯಾರದೆಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೇಳಬಾರದೆಂದು ಬಸವರಾಜನೂ ಅಂದಿದ್ದ, ಆದರೆ ಅವನದು ಮರ್ಯಾದೆ. ನನ್ನದು ಹಾಗಲ್ಲ, ನನಗೆ ಆ ಮನುಷ್ಯ ಒದ್ದಾಡುವುದನ್ನು ನೋಡಲು ಮಜವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಕೊನೆಯ ಸಲ ಅವರನ್ನು ನೋಡಿದ್ದು ಆಸ್ಟಿನ್‌ನಲ್ಲಿ. ಡಾಲಸ್‌ನಲ್ಲಿ ತಲೆಯೆತ್ತಿ ಓಡಾಡಲಾರೆ ಎಂದು ಮಗಳ ಮನೆಗೆ ಶಿಫ್ಟ್ ಆಗಿದ್ದರು. ಕ್ರಿಸ್ಮಸ್ ರಜೆಯಲ್ಲಿ ನಾವು ಅಲ್ಲಿಗೆ ಹೋದಾಗ ದ ಡೊಮೇನ್ ಎಂಬ ಶಾಪಿಂಗ್ ಮಾಲ್‌ನಲ್ಲಿ ಕಾಫಿಗೆ ಸಿಕ್ಕರು. ಬಸವರಾಜ ಕಾಫಿ ತರಲು ಸಾಲಿನಲ್ಲಿ ನಿಂತಿದ್ದ. ಅಂಕಲ್ ಇಳಿದುಹೋಗಿದ್ದರು, ಜುಬ್ಬ ಹೆಗಲಿಂದ ಜಾರುತ್ತಿತ್ತು. ಸಂಘದ ವಿಷಯ ಕೇಳದೆ ನೇರವಾಗಿ ಆ ದಿನದ ಎಣಿಕೆಗೇ ಬಂದರು.

"ಶೈಲಾ, ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ನಿನಗೆ ಎಲ್ಲ ಕಂಡಿರುತ್ತೆ. ರಾಮಪ್ರಸಾದ ಸುಳ್ಳು ಎಣಿಸಿದ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಆಂಟಿ ಮಾತಾಡಿದರು. ಕಿತ್ತಳೆ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದರು, ಅದನ್ನು ನಿಲ್ಲಿಸಲಿಲ್ಲ. "ಅವ್ರು ಸರಿಯಾಗೇ ಎಣ್ಸಿದ್ರು. ಕೊನೇದು ನನ್ನ ಕೈ."

"ತಮಾಷೆ ಮಾಡ್ಬೇಡ ಗಿರಿಜ."

"ಎಂಬತ್ತು ಜನಕ್ಕೆ ಫೋನ್ ಮಾಡಿದ್ರಿ. ಪಕ್ಕದಲ್ಲೇ ಕೂತಿದ್ದೆ, ನನ್ನನ್ನ ಒಂದ್ಸಲ ಕೇಳ್ಲಿಲ್ಲ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಅಂಕಲ್ ನನ್ನನ್ನು ನೋಡಿದರು. ನಾನು ಇಲ್ಲ ಎನ್ನಲಿ ಎಂದು ಬೇಡುತ್ತಿದ್ದರು, ಅದು ನನಗೆ ಸ್ಪಷ್ಟವಾಗಿ ತಿಳಿಯಿತು. "ಹೌದು ಅಂಕಲ್, ನಾನು ನೋಡಿದೆ" ಎಂದೆ.

"ಯಾಕೆ?" ಎಂದು ಹೆಂಡತಿಯನ್ನು ಕೇಳಿದರು.

"ನೀವು ಸೋತ್ರೆ ಹೇಗಿರ್ತೀರ ಅಂತ ನೋಡ್ಬೇಕು ಅನ್ನಿಸ್ತು." ಒಂದು ತೊಳೆ ಬಿಡಿಸಿ ಅವರ ಮುಂದಿಟ್ಟರು. "ನೋಡಿದ್ದಾಯ್ತು. ಈಗ ಆ ಮನುಷ್ಯನಿಗೆ ಫೋನ್ ಮಾಡಿ. ಅವ್ರ ಮಗಳ ಮದುವೆ ಹಾಳು ಮಾಡಿದ್ದೀರ."

ಅಂಕಲ್ ಫೋನ್ ತೆಗೆದು ಮೇಜಿನ ಮೇಲಿಟ್ಟರು. ಬಸವರಾಜ ಕಾಫಿ ತಂದ, ಕುಡಿದೆವು, ಅವರಿಬ್ಬರೂ ಎದ್ದುಹೋದರು.

ಫೆಬ್ರವರಿಯಲ್ಲಿ ಅಂಕಲ್ ತೀರಿಕೊಂಡರು. ನಾವು ಆಸ್ಟಿನ್ ತಲುಪುವಷ್ಟರಲ್ಲಿ ರಾಮಪ್ರಸಾದ್ ಅಲ್ಲಿದ್ದರು. ಡಾಲಸ್‌ನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದು, ಹೂವು, ತುಳಸಿ, ಪುರೋಹಿತರು ಎಲ್ಲವನ್ನೂ ಹೊಂದಿಸಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು. ಕಣ್ಣು ಕೆಂಪಾಗಿತ್ತು.

"ಆ ಕೊನೇ ಕೈ ಯಾರದು ಅಂತ ಯಾರಿಗೂ ಹೇಳ್ಲಿಲ್ಲ ನಾನು, ಮನೇಲೂ ಹೇಳ್ಲಿಲ್ಲ. ಬೈಸ್ಕೊಂಡ್ರೆ ಬೈಸ್ಕೊಂಡೆ. ಒಂದೇ ಸಮಾಧಾನ, ಅವ್ರಿಗೆ ಕೊನೆವರ್ಗೂ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ನನಗೆ ಒಂದು ಫೋನ್ ಮಾಡ್ದೆ ಇರ್ತಿದ್ರಾ?"

"ಇಲ್ಲ," ಎಂದೆ, "ಗೊತ್ತಾಗ್ಲಿಲ್ಲ."