ಏಳನೇ ನಂಬರಿನ ಮಿದುಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮಿದುಳಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಇಟ್ಟ ಹೆಸರು. ಒಂದು ದಿನ ಅದು ಅವಳ ಕಿವಿಗೂ ಬಿತ್ತು. ಸಿಟ್ಟಾಗುವ ಬದಲು, "ಹೃದಯಮ್ಮ ಅಂದಿದ್ರೆ ಸುಳ್ಳಾಗ್ತಿತ್ತು. ಇದೇ ಇರ್ಲಿ," ಅಂದುಬಿಟ್ಟಳು.

ಮೂವತ್ತೊಂದು ವರ್ಷ ಅವಳು ಹಿಂಬಾಲಿಸಿದ್ದು ಒಂದೇ ವಿಷಯವನ್ನು. ಮಿದುಳಿನ ಒಂದು ನರಕೋಶ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸಬೇಕಾದರೆ ಒಂದಿಷ್ಟು ರಸಾಯನ ಸುರಿಸುತ್ತದೆ. ಆಚೆ ಬದಿಯಲ್ಲಿ ಅದನ್ನು ಹಿಡಿದುಕೊಳ್ಳಲು ಗ್ರಾಹಕಗಳು ಕಾದಿರುತ್ತವೆ. ಆ ರಸಾಯನಗಳಲ್ಲೊಂದು ಡೋಪಮೈನ್. ಅದನ್ನು ಸುರಿಸುವ ನರತುದಿಗಳು ಒಂದೊಂದಾಗಿ ಸತ್ತರೆ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಮುಖ ನಗುವುದಿಲ್ಲ, ಬೆರಳು ಅದುರುತ್ತದೆ. ಕಂಪವಾತ ಎನ್ನುವುದು ಇದನ್ನೇ. ಮೊದಲ ಹದಿನೈದು ವರ್ಷ ಅವಳು ಇಲಿಗಳ ಮಿದುಳನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೊಯ್ದು, ವಿಕಿರಣ ಸೂಸುವ ಗುರುತು ಹಚ್ಚಿ, ಫಿಲ್ಮಿನ ಮೇಲೆ ವಾರಗಟ್ಟಲೆ ಕತ್ತಲಲ್ಲಿಟ್ಟು, ಎಲ್ಲೆಲ್ಲಿ ಗ್ರಾಹಕಗಳಿವೆ ಎಂದು ಎಣಿಸಿದಳು. ಆಮೇಲೆ ಬದುಕಿರುವ ಮನುಷ್ಯರ ಮಿದುಳನ್ನೇ ತೋರಿಸುವ ದೊಡ್ಡ ಯಂತ್ರ ಬಂತು. ಇಲಿಗಳು ಬದುಕಿಕೊಂಡವು.

ರೋಗಿಗಳ ಮಿದುಳು ಹೀಗಿದೆ ಎನ್ನಬೇಕಾದರೆ ಅದೇ ವಯಸ್ಸಿನ ಆರೋಗ್ಯವಂತರ ಮಿದುಳು ಹೇಗಿದೆ ಎಂದೂ ತೋರಿಸಬೇಕು. ರೋಗಿಗಳು ಸಾಲುಗಟ್ಟಿ ಬರುತ್ತಾರೆ. ಗಟ್ಟಿಮುಟ್ಟಾಗಿರುವವರು ಸುಮ್ಮನೆ ಬಂದು ಸೂಜಿ ಚುಚ್ಚಿಸಿಕೊಂಡು ಗಂಟೆಗಟ್ಟಲೆ ಯಂತ್ರದ ಕೊಳವೆಯೊಳಗೆ ಯಾಕೆ ಮಲಗುತ್ತಾರೆ? ಹಾಗಾಗಿ ಅಲ್ಲಿ ಒಂದು ರೂಢಿ ಬಿದ್ದಿತ್ತು. ಆರೋಗ್ಯವಂತರು ಕಡಿಮೆಯಾದಾಗ ನಿಮ್ಮ ನಿಮ್ಮ ಮನೆಯವರನ್ನು ಕರೆತನ್ನಿ, ಯಾರೂ ಸಿಗದಿದ್ದರೆ ನೀವೇ ಮಲಗಿ. ಅಂಕಿಅಂಶ ನೋಡುವ ಮೇಷ್ಟ್ರು ತಾವೇ ಮಲಗಿದರು. ಕಾವಲುಗಾರನ ಹೆಂಡತಿ ಬಂದಳು. ಯಂತ್ರ ನಡೆಸುವವನು ಅತ್ತೆಯನ್ನು ಕರೆತಂದ. ಅತ್ತೆಗೆ ಸೂಜಿ ಚುಚ್ಚುವಾಗ ಅವನ ಮುಖದಲ್ಲಿದ್ದ ಉತ್ಸಾಹ ನೋಡಿ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದರು. ಮಿದುಳಮ್ಮ ತನ್ನ ಅಕ್ಕನನ್ನು ಕರೆಸಿಕೊಂಡಳು, ತಾನೂ ಮಲಗಿದಳು. ಒಟ್ಟು ಹನ್ನೆರಡು ಜನ. ಹೆಸರು ತೆಗೆದು ನಂಬರು ಕೊಟ್ಟರು. ಯಾವ ನಂಬರು ಯಾರದೆಂಬ ಪಟ್ಟಿ ಮೇಷ್ಟ್ರ ಬೀರುವಿನಲ್ಲಿ. ಫಲಿತಾಂಶ ಏನೇ ಬಂದರೂ ನಮಗೆ ತಿಳಿಸಬೇಕಿಲ್ಲ ಎಂದು ಹನ್ನೆರಡೂ ಜನ ಸಹಿ ಹಾಕಿದರು. ಆ ಕಾಗದ ಬರೆದವಳೂ ಅವಳೇ.

ಒಂದು ತಿಂಗಳಿಗೆ ಚಿತ್ರಗಳು ಸಿದ್ಧವಾದವು. ಹನ್ನೊಂದು ಮಿದುಳುಗಳಲ್ಲಿ ಎಡಕ್ಕೂ ಬಲಕ್ಕೂ ಎರಡು ಅಲ್ಪವಿರಾಮದ ಹಾಗೆ ಹೊಳೆಯುವ ಗುರುತು. ಏಳನೇ ನಂಬರಿನಲ್ಲಿ ಎಡಗಡೆಯದು ಹೊಳೆಯುತ್ತಿತ್ತು, ಬಲಗಡೆಯದು ಬಾಲ ಕತ್ತರಿಸಿದಂತೆ ಮಾಸಿಹೋಗಿತ್ತು.

ಅವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಕಂಪವಾತ; ಮಿದುಳಿನ ಬಲಗಡೆ ಮಾಸಿದರೆ ಮೊದಲು ಕೆಡುವುದು ಎಡಗೈ. ಈ ರೋಗದ ಕಪಟವೇ ಅದು. ಅರ್ಧಕ್ಕರ್ಧ ನರತುದಿಗಳು ಸತ್ತರೂ ದೇಹ ಸುಳಿವು ಕೊಡುವುದಿಲ್ಲ. ಐದು ವರ್ಷವೋ ಎಂಟು ವರ್ಷವೋ ಕಳೆದು, ಒಂದು ದಿನ ಅಂಗಿಯ ಗುಂಡಿ ಹಾಕಲು ಬೆರಳು ಹೋಗುವುದಿಲ್ಲ. ಮೊದಲೇ ಗೊತ್ತಾದರೆ ತಡೆಯಲು ಮದ್ದುಂಟೇ? ಅದೂ ಇಲ್ಲ. ಇಷ್ಟು ವರ್ಷ ಹುಡುಕಿದವಳಿಗೇ ಸಿಕ್ಕಿರಲಿಲ್ಲ.

ಆವತ್ತಿನಿಂದ ಪ್ರಯೋಗಾಲಯದ ಗಾಳಿಯೇ ಬೇರೆಯಾಯಿತು, ಅವಳೊಬ್ಬಳಿಗೆ. ದಿನಾ ಜೊತೆಗೆ ಚಹಾ ಕುಡಿಯುವವರಲ್ಲೋ ಅವರ ಮನೆಯವರಲ್ಲೋ ಒಬ್ಬರು ಒಳಗೊಳಗೇ ಸಾಯತೊಡಗಿದ್ದಾರೆ, ಯಾರೆಂದು ಗೊತ್ತಿಲ್ಲ. ಮೇಷ್ಟ್ರ ಕೈಬರಹ ಚಿಕ್ಕದಾಯಿತೇ ಎಂದು ಹಳೆಯ ಕಾಗದ ತೆಗೆದು ಹೋಲಿಸಿದಳು. ಕಾವಲುಗಾರನ ಹೆಂಡತಿ ನಡೆಯುವಾಗ ಎರಡೂ ಕೈ ಬೀಸುತ್ತಾಳೆಯೇ ಎಂದು ಕಿಟಕಿಯಲ್ಲಿ ನಿಂತು ನೋಡಿದಳು. ವಾಸನೆ ಹೋಗುವುದು ಮೊದಲ ಲಕ್ಷಣಗಳಲ್ಲೊಂದು ತಾನೆ, ಅಕ್ಕನ ಮನೆಗೆ ಹೋದಾಗ ಸೋಪಿನ ಪರಿಮಳ ಹೇಗಿದೆ ಎಂದು ಕೇಳಿದಳು. "ನಿನ್ನ ತಲೆ ಹಾಗಿದೆ," ಅಂದಳು ಅಕ್ಕ. ತನ್ನ ಕೈಯನ್ನು ಮಾತ್ರ ಅವಳು ಒಮ್ಮೆಯೂ ನೋಡಿಕೊಳ್ಳಲಿಲ್ಲ. ಡಾಕ್ಟರಿಗೆ ಕಾಯಿಲೆ ಬರುವುದಿಲ್ಲ ಎಂಬ ಮೂಢನಂಬಿಕೆ ಡಾಕ್ಟರುಗಳಲ್ಲೇ ಹೆಚ್ಚು.

ಹೀಗೇ ನಾಲ್ಕು ವರ್ಷ. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡವಳ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಮೇಷ್ಟ್ರು ನಿವೃತ್ತರಾಗಿ ಬೀರುವಿನ ಬೀಗದ ಕೈ ಅವಳ ಮೇಜಿಗೆ ಬಂತು. ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಪಟ್ಟಿ ತೆಗೆದಳು. ಏಳನೇ ನಂಬರಿನ ಮುಂದೆ ಅಕ್ಕನ ಹೆಸರಿತ್ತು.

ಅಕ್ಕ ದರ್ಜಿ. ತಾಯಿ ತೀರಿಕೊಂಡಾಗ ಹದಿನಾರಕ್ಕೇ ಹೊಲಿಗೆ ಯಂತ್ರದ ಮುಂದೆ ಕೂತು ತಂಗಿಯನ್ನು ಓದಿಸಿದವಳು. ಅವಳ ಕೋಟಿನ ಹೊಲಿಗೆ ನೋಡಲು ಬೇರೆ ದರ್ಜಿಗಳೇ ಬರುತ್ತಿದ್ದರು. ಇನ್ನು ಹೋಗುವುದು ಆ ಕೈಗಳೇ. ಹೇಳಬಾರದು, ನಿಯಮ ಇದೆ. ಹೇಳದಿದ್ದರೆ ನಾಳೆ ಅವಳು, ನಿನಗೆ ಗೊತ್ತಿದ್ದೂ ಮುಚ್ಚಿಟ್ಟೆ ಎನ್ನುವುದಿಲ್ಲವೇ? ಒಂದು ವರ್ಷ ಹೀಗೆ ಗುದ್ದಾಡಿ, ಕಡೆಗೊಂದು ಭಾನುವಾರ ಹೇಳಿಯೇಬಿಟ್ಟಳು.

ಅಕ್ಕ ಮೊದಲು ನಕ್ಕಳು. "ನನಗೇನೇ ಆಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಈಗ ಏನೂ ಆಗಿಲ್ಲ ಅಕ್ಕ. ಮುಂದೆ."

"ಮುಂದೆ ಅಂದ್ರೆ ಯಾವಾಗ?"

"ಗೊತ್ತಿಲ್ಲ."

"ಮದ್ದು?"

ತಂಗಿ ತಲೆ ತಗ್ಗಿಸಿದಳು. ಅಕ್ಕ "ಮತ್ತೆ ಯಾಕೇ ಹೇಳಿದೆ?" ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುವಾರದಿಂದಲೇ ಫೋನು ಶುರುವಾಯಿತು. ಇವತ್ತು ಸೂಜಿಗೆ ದಾರ ಪೋಣಿಸಲು ಮೂರು ಸಲ ಆಯಿತು, ಇದು ಅದೇನಾ? ಲೋಟ ಜಾರಿ ಬಿತ್ತು, ಇದು ಅದೇನಾ? ಅಕ್ಕ ಲಕ್ಷಣಗಳ ಪುಸ್ತಕ ತರಿಸಿಕೊಂಡು ಬಾಯಿಪಾಠ ಮಾಡಿದಳು. ಕನ್ನಡಿಯ ಮುಂದೆ ಕೈ ಎತ್ತಿ ಇಳಿಸಿ ನೋಡುವಳು. ನೋಡುತ್ತ ಹೊಲಿದರೆ ಯಾರ ಕೈ ತಾನೆ ನೆಟ್ಟಗೆ ಹೋದೀತು? ಹೊಲಿಗೆ ಸೊಟ್ಟಗಾಯಿತು, ಸೊಟ್ಟಗಾದದ್ದೇ ಸಾಕ್ಷಿಯಾಯಿತು. ಆರು ತಿಂಗಳಿಗೆ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟಳು. ಒಂದು ವರ್ಷಕ್ಕೆ ಹೊಲಿಗೆ ಯಂತ್ರವನ್ನೇ ಕೊಟ್ಟುಬಿಟ್ಟಳು. ಯಂತ್ರವಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಗುರುತು ಉಳಿದವು. ಅಕ್ಕ ಅದರ ಪಕ್ಕ ಕುರ್ಚಿ ಹಾಕಿಕೊಂಡು ರೋಗಕ್ಕಾಗಿ ಕಾಯತೊಡಗಿದಳು.

ಎರಡು ವರ್ಷವಾದರೂ ರೋಗ ಬರಲಿಲ್ಲ. ಒಂದು ಸಂಜೆ ತಂಗಿ ಬಂದಾಗ ಅಕ್ಕ ಹಳೆಯದನ್ನು ಕೆದಕಿದಳು.

"ಆವತ್ತು ಬಸ್ಸು ಪೂರ್ತಿ ತಪ್ಪಿಹೋಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಮೊದಲನೇದು ತಪ್ಪಿತು, ಎರಡನೇದು ಸಿಕ್ತು. ನಾನು ಬರೋ ಹೊತ್ತಿಗೆ ನೀನು ಆ ಕೊಳವೆ ಒಳಗೆ ಹೋಗಿಬಿಟ್ಟಿದ್ದೆ. ಹೊರಗೆ ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡ್ಕೊಂಡಿತ್ತು ನಂಗೆ."

ಮಿದುಳಮ್ಮ ಅವಳ ಕಡೆ ತಿರುಗಿದಳು. "ನಾನು ಮೊದಲು ಹೋಗಿದ್ನಾ?"

"ಹೂಂ ಮತ್ತೆ. ಔಷಧಿ ಕಾಯಲ್ಲ ಅಂತ ಆ ಯಂತ್ರದವನೇ ಹೇಳಿದ್ನಲ್ಲ."

ನಿಜ, ಔಷಧಿ ಕಾಯುವುದಿಲ್ಲ. ಮಿದುಳನ್ನು ಬೆಳಗಿಸಲು ಚುಚ್ಚುವ ಆ ದ್ರವದ ಬಲ ಎರಡು ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಒಬ್ಬರು ತಡವಾದರೆ ಎದುರಿಗಿದ್ದವರನ್ನು ಮಲಗಿಸಿಬಿಡುತ್ತಾರೆ. ಅವಳು ಪರೀಕ್ಷೆಗೆಂದು ಆ ಯಂತ್ರದಲ್ಲಿ ಎಷ್ಟು ಸಲ ಮಲಗಿದ್ದಳೆಂದರೆ ಯಾವ ದಿನ ಯಾವುದೆಂದು ನೆನಪೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಯಂತ್ರದವನನ್ನು ಕೇಳಿದಳು. "ಸರದಿ ಬದಲಾದ್ರೆ ನಂಬರು ಹೇಗೆ ಹಾಕ್ತಿದ್ರಿ?"

"ಒಳಗೆ ಹೋದ ಕ್ರಮದಲ್ಲೇ ಮೇಡಂ. ಆರಾದ್ಮೇಲೆ ಏಳು."

"ಮೇಷ್ಟ್ರ ಪಟ್ಟಿ?"

"ಅದು ಹಿಂದಿನ ದಿನಾನೇ ಬರೆದಿಡ್ತಿದ್ರಲ್ಲ, ಯಾರಿಗೆ ಎಷ್ಟು ಹೊತ್ತಿಗೆ ಅಂತ." ಅವನು ತಲೆ ಕೆರೆದುಕೊಂಡ. "ಅನುಮಾನ ಇದ್ರೆ ತೂಕ ನೋಡಿ. ಮಲಗಿಸೋಕೆ ಮುಂಚೆ ತೂಕ ಹಾಕಿರ್ತೀವಿ."

ಅವನೇ ತೆಗೆದು ತೋರಿಸಿದ. ಏಳನೇ ನಂಬರು, ನಲವತ್ತೊಂಬತ್ತು ಕಿಲೋ. ಪಟ್ಟಿಯಲ್ಲಿ ಮಿದುಳಮ್ಮನ ಹೆಸರಿದ್ದ ಎಂಟನೇ ನಂಬರು, ಎಪ್ಪತ್ತನಾಲ್ಕು. ಗುಂಡುಕಲ್ಲಿನಂಥ ಅಕ್ಕ ನಲವತ್ತೊಂಬತ್ತು ಇದ್ದದ್ದು ಹುಡುಗಿಯಾಗಿದ್ದಾಗ. ಏಳು ವರ್ಷದಿಂದ ಈ ಅಂಕಿ ಚಿತ್ರದ ಪಕ್ಕದ ಹಾಳೆಯಲ್ಲೇ ಇತ್ತು. ಅವಳು ಚಿತ್ರವನ್ನು ಸಾವಿರ ಸಲ ನೋಡಿದ್ದಳು, ಪಕ್ಕದ ಹಾಳೆಯನ್ನು ಒಂದು ಸಲವೂ ತಿರುವಿರಲಿಲ್ಲ.

ಮೊದಲು ಬಂದದ್ದು ಸಂತೋಷ. ಅಕ್ಕ ಬಚಾವಾದಳು ಎಂದು ಕಣ್ಣಲ್ಲಿ ನೀರೇ ಬಂತು. ಆಮೇಲೆ, ಏಳನೇ ನಂಬರು ತಾನೇ ಎಂಬುದು ತಲೆಗೆ ಹತ್ತಿತು. ಇದು ಅಕ್ಕನಿಗೆ ಗೊತ್ತಾಗಕೂಡದು. ಗೊತ್ತಾದರೆ ಎರಡು ವರ್ಷ ತನಗಾಗಿ ಹೆದರಿದವಳು ಉಳಿದ ಆಯುಷ್ಯವೆಲ್ಲ ತಂಗಿಗಾಗಿ ಹೆದರುತ್ತಾಳೆ. ಒಮ್ಮೆ ಹೇಳಿ ಕೆಡಿಸಿದ್ದಾಗಿದೆ, ಈ ಸಲವಾದರೂ ಬಾಯಿ ಮುಚ್ಚಿಕೊಂಡಿರಬೇಕು.

"ಯಂತ್ರ ಕೆಟ್ಟಿತ್ತಂತೆ ಅಕ್ಕ ಆವತ್ತು," ಅಂದಳು ಅದೇ ಸಂಜೆ. "ಆ ಚಿತ್ರಾನೇ ತಪ್ಪು. ನಿನಗೆ ಏನೂ ಇಲ್ಲ. ಖಂಡಿತ ಇಲ್ಲ."

ಅಕ್ಕ ಬೈದಳು, ಅತ್ತಳು, ಕೈಗೆ ಸಿಕ್ಕ ದಿಂಬಿನಿಂದ ತಂಗಿಯ ಬೆನ್ನಿಗೆ ನಾಲ್ಕು ಬಿಟ್ಟಳು. "ನೀನೂ ಒಬ್ಬ ವಿಜ್ಞಾನಿ! ನಿನ್ನ ಓದಿಸಿದ್ದಕ್ಕೆ ನನಗೆ ಬುದ್ಧಿ ಇರ್ಲಿಲ್ಲ!" ಆಮೇಲೆ ಇಬ್ಬರೂ ನಕ್ಕರು. ವಾರ ಕಳೆಯುವುದರೊಳಗೆ ಅದೇ ಜಾಗಕ್ಕೆ ಹೊಸ ಹೊಲಿಗೆ ಯಂತ್ರ ಬಂದು ಕೂತಿತು. ಫೋನು ಮಾಡಿ ಅಕ್ಕ ಕರೆದಳು, ಮೊದಲ ಕೋಟು ನಿನಗೇ, ಅಳತೆ ಕೊಡು ಬಾ.

ಬೆಳಿಗ್ಗೆ ಹತ್ತರ ಬಿಸಿಲು ಕೋಣೆ ತುಂಬ ಇತ್ತು. ಅಕ್ಕ ಟೇಪು ಕೊರಳಿಗೆ ಹಾಕಿಕೊಂಡು ಮೊದಲಿನಂತೆ ಹರಟುತ್ತಿದ್ದಳು. ಭುಜ ಅಳೆದಳು, ಬೆನ್ನು ಅಳೆದಳು.

"ಎರಡೂ ಕೈ ಅಗಲಿಸಿ ಎತ್ತು. ಹಾಂ. ಎಡಗೈ ಇನ್ನೂ ಸ್ವಲ್ಪ."

"ಎತ್ತಿದೀನಲ್ಲ."

"ಎಲ್ಲಿ ಎತ್ತಿದೀಯ? ಒಂದು ಮೇಲೆ, ಒಂದು ಕೆಳಗೆ. ಹೀಗೆ ಹೊಲಿದ್ರೆ ಜನ ನನ್ನ ಬೈತಾರೆ."

ನಗುತ್ತಲೇ ಅಕ್ಕ ತಂಗಿಯ ಎಡ ಮೊಣಕೈ ಹಿಡಿದು ತಾನೇ ಮೇಲೆತ್ತಿದಳು. ಕೈ ಸಲೀಸಾಗಿ ಬರಲಿಲ್ಲ. ಸ್ವಲ್ಪ ಬಂತು, ತಡೆಯಿತು, ಮತ್ತೆ ಸ್ವಲ್ಪ ಬಂತು, ಮತ್ತೆ ತಡೆಯಿತು. ಅಕ್ಕ ಅದನ್ನು ಕೆಳಗಿಳಿಸಿ, ಮೆಲ್ಲಗೆ ಇನ್ನೊಂದು ಸಲ ಎತ್ತಿ ನೋಡಿದಳು. ಆ ಲಕ್ಷಣಗಳ ಪುಸ್ತಕವನ್ನು ಬಾಯಿಪಾಠ ಮಾಡಿದವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಯಂತ್ರ ಕೆಟ್ಟಿತ್ತು ಅಂದ್ಯಲ್ಲ," ಅಂದಳು.

"ಹೂಂ."

"ನನ್ನ ಮುಖ ನೋಡಿ ಹೇಳು."

ತಂಗಿ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಅಕ್ಕ ಹಿಡಿದ ಮೊಣಕೈಯನ್ನು ಬಿಡಲಿಲ್ಲ.