ಚನ್ನಲಿಂಗಪ್ಪನ ಕಾಲಿಗೆ ಹಿಡಿದ ಹೆಪ್ಪು

ದೊಡ್ಡಆಲಹಳ್ಳಿಯ ಚನ್ನಲಿಂಗಪ್ಪ ತನ್ನ ಹಿಟ್ಟಿನ ಮಿಲ್ಲಿನ ಬಾಗಿಲಲ್ಲಿ ಮೊದಲ ಸಲ ನಿಂತುಬಿಟ್ಟಾಗ, ಒಳಗೆ ರಾಗಿ ಬೀಸಿಸಲು ಕಾಯುತ್ತಿದ್ದವರು ಅದನ್ನು ದೊಡ್ಡ ವಿಷಯವೆಂದುಕೊಳ್ಳಲಿಲ್ಲ. ಯಜಮಾನ ಏನೋ ಯೋಚನೆಯಲ್ಲಿದ್ದಾನೆ ಅಂದುಕೊಂಡರು. ಅವನಿಗೆ ಯೋಚನೆ ಏನೂ ಇರಲಿಲ್ಲ. ಒಳಗೆ ಹೋಗಬೇಕೆಂದು ಬಲಗಾಲು ಎತ್ತಲು ಹೊರಟಿದ್ದ, ಕಾಲು ಬರಲಿಲ್ಲ. ನೋವಿಲ್ಲ, ಜೋಮಿಲ್ಲ. ಮೈಯೆಲ್ಲ ಮುಂದಕ್ಕೆ ವಾಲುತ್ತಿದೆ, ಪಾದ ಮಾತ್ರ ನೆಲ ಬಿಡುತ್ತಿಲ್ಲ. ಮಿಲ್ಲಿನಲ್ಲಿ ಬಹಳ ವರ್ಷಗಳಿಂದ ಅವನ ಜೊತೆ ದುಡಿಯುತ್ತಿದ್ದ ಅಕ್ರಮ್ ಎದ್ದು ಬಂದು ಕೈ ಹಿಡಿದ. ಆಗ ಕಾಲು ತಾನಾಗಿಯೇ ಬಿಟ್ಟುಕೊಂಡಿತು.

ಬೇರೆಯವರಾಗಿದ್ದರೆ ಹೆದರುತ್ತಿದ್ದರೇನೋ. ಚನ್ನಲಿಂಗಪ್ಪನಿಗೆ ಹೆದರಿಕೆಗಿಂತ ಮೊದಲು ಸೋಜಿಗವಾಯಿತು. ಅವನು ಹುಟ್ಟಿದ್ದೇ ಹಾಗೆ. ಮೋಟರಿನ ಸದ್ದು ಒಸಿ ಬದಲಾದರೂ ಬಿಚ್ಚಿ ನೋಡಬೇಕು. ಉಯ್ಯಂಬಳ್ಳಿ ಕಡೆಯವರು ಯಾವುದಾದರೂ ಹೊಸ ಮಾತು ಆಡಿದರೆ ಅದನ್ನು ಹಿಡಿದುಕೊಂಡು, ಹಿಟ್ಟು ಒಯ್ಯಲು ಬಂದವರನ್ನೆಲ್ಲ ಅದರ ಅರ್ಥ ಕೇಳಬೇಕು. ಹಿಟ್ಟು ಮುಗಿದರೂ ಮಾತು ಮುಗಿಯುವುದಿಲ್ಲವೆಂದು ಹೆಂಗಸರು ದೂರುವುದುಂಟು.

ಆ ಮಳೆಗಾಲದಲ್ಲಿ ಕಾಲು ಹಾಗೆ ಪದೇ ಪದೇ ನಿಂತಿತು. ಬಚ್ಚಲ ಬಾಗಿಲಲ್ಲಿ, ಬಸ್ಸಿನ ಮುಂದೆ, ಒಂದು ಸಲ ಬಸವಣ್ಣನ ಗುಡಿಯ ಒಳಕ್ಕೆ ಹೋಗುವಾಗ. ಬಲಗೈ ಬೆರಳುಗಳೂ ಸುಮ್ಮನೆ ಕೂತಾಗ ಅಲ್ಲಾಡತೊಡಗಿದವು. ಯಾರದೋ ಕಣ್ಣು ಬಿದ್ದಿದೆ ಅಂದರು ಕೆಲವರು. ಅವನ ಹೆಂಡತಿ ಬಸವಲಿಂಗಮ್ಮ ದೃಷ್ಟಿಯನ್ನೂ ತೆಗೆದಳು, ಮಾರನೆಯ ದಿನವೇ ಕನಕಪುರದ ಆಸ್ಪತ್ರೆಗೂ ಕರೆದುಕೊಂಡು ಹೋದಳು.

ಅಲ್ಲಿ ನರರೋಗದ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅವನನ್ನು ಉದ್ದಕ್ಕೂ ನಡೆಸಿ ನೋಡಿದರು. ಕಾಯಿಲೆಗೆ ಪಾರ್ಕಿನ್ಸನ್ ಅನ್ನುತ್ತಾರೆ, ಪೂರ್ತಿ ವಾಸಿಯಾಗುವಂಥದ್ದಲ್ಲ, ಮಾತ್ರೆಯಿಂದ ಹದ್ದುಬಸ್ತಿನಲ್ಲಿ ಇಡಬಹುದು ಎಂದು ನಿಧಾನವಾಗಿ ತಿಳಿಸಿದರು. ಕಾಲು ಹೀಗೆ ನಿಂತುಬಿಡುವುದಕ್ಕೆ ಫ್ರೀಜಿಂಗ್ ಎಂಬ ಹೆಸರಿದೆ ಎಂದೂ ಹೇಳಿದರು.

ಚನ್ನಲಿಂಗಪ್ಪ ಪಂಚೆ ಸರಿಸಿ ಪಾದ ಮುಂದಿಟ್ಟ.

"ಫ್ರೀಜ್ ಅಂದ್ರೆ ಐಸ್ ಆಗೋದಲ್ವಾ ತಾಯಿ? ನನ್ ಕಾಲು ಬೆಚ್ಚಗೇ ಐತೆ, ಬೇಕಾದ್ರೆ ಮುಟ್ ನೋಡಿ."

ಡಾಕ್ಟರಿಗೆ ನಗು ಬಂತು. ಚಳಿಗೂ ಇದಕ್ಕೂ ಸಂಬಂಧವಿಲ್ಲ, ಇದ್ದಕ್ಕಿದ್ದಂತೆ ಸ್ತಬ್ಧವಾಗುವುದಕ್ಕೂ ಅದೇ ಮಾತು ಎಂದರು. ಕನ್ನಡದಲ್ಲಿ ಏನನ್ನಬೇಕು ಎಂದು ಅವನು ಬಿಡದೆ ಕೇಳಿದ. ಅವರು ಸ್ವಲ್ಪ ಹೊತ್ತು ತಡಕಾಡಿ, ಹೆಪ್ಪುಗಟ್ಟುವುದು ಅನ್ನಬಹುದೇನೋ ಎಂದರು.

ಬಸ್ಸಿನಲ್ಲಿ ಬಸವಲಿಂಗಮ್ಮ ಮಾತ್ರೆಯ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಊರು ಹತ್ತಿರ ಬಂದಾಗ ಮೆಲ್ಲಗೆ ಅಂದಳು: "ಹೆಪ್ಪು ಅಂದ್ರೆ ಮೊಸರಿಗೆ ಹಾಕೋದು. ಮೊಸರಾಗಿದ್ದು ತಿರುಗಾ ಹಾಲಾಗಕಿಲ್ವಲ್ಲ."

ಅದು ಅವನ ತಲೆಗೆ ಹತ್ತಿತು. ನೀರು ಹೆಪ್ಪುಗಟ್ಟಿದರೆ ಕರಗುತ್ತದೆ, ಹಾಲು ಹೆಪ್ಪುಗಟ್ಟಿದರೆ ಮುಗಿಯಿತು. ಎರಡಕ್ಕೂ ಒಂದೇ ಮಾತು. ತನ್ನ ಕಾಲಿನದು ಯಾವ ಬಗೆಯದು?

ಮಾರನೆಯ ದಿನದಿಂದ ಮಿಲ್ಲಿಗೆ ಬಂದವರಿಗೆಲ್ಲ ಇದೇ ಪ್ರಶ್ನೆ. ಹಾಲಿನ ಡೇರಿಯ ನಾಗರಾಜು, ಹಾಲು ಐಸಾಗಿ ಕರಗಿದರೂ ಮೊದಲಿನ ಹದಕ್ಕೆ ಬರುವುದಿಲ್ಲ, ಒಡೆದಂತೆ ಆಗುತ್ತದೆ ಎಂದು ಹೇಳಿ ಅವನ ಅರ್ಧ ಆಸೆಗೆ ಕಲ್ಲು ಹಾಕಿದ. ರಾಗಿ ಬೀಸಿಸಲು ಬಂದ ಚಿಕ್ಕಲಕ್ಷ್ಮಮ್ಮನ ಕತೆ ಬೇರೆಯೇ ಇತ್ತು. ಬ್ಯಾಂಕಿನವರು ನಿಮ್ಮ ಖಾತೆ ಫ್ರೀಜ್ ಆಗಿದೆ ಅಂದಾಗ, ನಮ್ಮನೇಲಿ ಫ್ರಿಜ್ಜೇ ಇಲ್ಲ ಅಂತ ಜಗಳಕ್ಕೆ ನಿಂತಿದ್ದಳಂತೆ. ಆಧಾರ್ ಕಾರ್ಡು ಕೊಟ್ಟ ಮೇಲೆ ಅದು ಬಿಟ್ಟುಕೊಂಡಿತಂತೆ. ನನ್ನ ಕಾಲಿಗೂ ಆಧಾರ್ ತೋರಿಸಲೇನಮ್ಮ ಎಂದು ಚನ್ನಲಿಂಗಪ್ಪ ಕೇಳಿದ್ದಕ್ಕೆ ಮಿಲ್ಲಿನಲ್ಲಿದ್ದವರೆಲ್ಲ ನಕ್ಕರು.

ಅಕ್ರಮ್ ಮಾತ್ರ ನಗದೆ ತನ್ನ ಹಳೆಯ ಫೋನು ತೆಗೆದು ತೋರಿಸಿದ. ಅದು ದಿನಕ್ಕೊಂದು ಸಲ ಫ್ರೀಜ್ ಆಗುತ್ತಿತ್ತು.

"ಒಳಗಡೆ ಎಲ್ಲಾ ಸರಿಯಾಗೇ ಐತೆ ಅಣ್ಣ. ನಾವು ಒತ್ತೋದು ಅದಕ್ಕೆ ಮುಟ್ತಾ ಇಲ್ಲ, ಅಷ್ಟೆ."

ಚನ್ನಲಿಂಗಪ್ಪ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಕಾಲು ಗಟ್ಟಿಮುಟ್ಟಾಗಿದೆ, ಹೇಳಿದ ಮಾತು ಅದಕ್ಕೆ ಮುಟ್ಟುತ್ತಿಲ್ಲ. ಹಾಗಾದರೆ ಬೇರೆ ದಾರಿಯಲ್ಲಿ ಹೇಳಿ ನೋಡಬಹುದಲ್ಲ. ಫೋನು ಆರಿಸಿ ಹಚ್ಚುವ ಹಾಗೆ ಕಣ್ಣು ಮುಚ್ಚಿ ತೆರೆದು ನೋಡಿದ. ಕಾಲಿಗೆ ಗದರಿದ, ಗೋಗರೆದ. ಯಾವುದಕ್ಕೂ ಅದು ಜಗ್ಗಲಿಲ್ಲ. ಮಾತ್ರೆಯಿಂದ ಕೈ ನಡುಕ ಇಳಿಯಿತು, ನಡಿಗೆಯೂ ಹಗುರವಾಯಿತು. ಬಾಗಿಲು ಬಂದರೆ ಮಾತ್ರ ಅದೇ ಕತೆ.

ಎರಡನೆಯ ಸಲ ಕನಕಪುರಕ್ಕೆ ಹೋದಾಗ ಆಸ್ಪತ್ರೆಯ ಲಿಫ್ಟು ಕೆಟ್ಟಿತ್ತು. ಡಾಕ್ಟರ ಕೋಣೆ ಎರಡನೆಯ ಮಹಡಿಯಲ್ಲಿ. ಹೇಗಪ್ಪಾ ಹತ್ತಿಸುವುದು ಎಂದು ಬಸವಲಿಂಗಮ್ಮ ಚಿಂತೆಯಲ್ಲಿ ನಿಂತಿರುವಾಗಲೇ ಚನ್ನಲಿಂಗಪ್ಪ ಕಂಬಿ ಹಿಡಿದು ಹತ್ತತೊಡಗಿದ. ಎಲ್ಲೂ ನಿಲ್ಲಲಿಲ್ಲ. ಅವಳೇ ಏದುಸಿರು ಬಿಡುತ್ತ ಹಿಂದೆ ಬಂದಳು. ಮೇಲೆ ಸಮನೆಲ ಸಿಕ್ಕಿತು, ಕೋಣೆಯ ಬಾಗಿಲು ಬಂತು, ಕಾಲು ಕಚ್ಚಿಕೊಂಡಿತು.

ಅಲ್ಲೇ ನಿಂತು ಅವನು ಹಿಂದಿರುಗಿ ಮೆಟ್ಟಿಲುಗಳನ್ನು ನೋಡಿದ. ಕಷ್ಟದ ಕಡೆ ನಡೆದ ಕಾಲು ಸುಲಭದ ಕಡೆ ಯಾಕೆ ನಿಂತಿತು? ಹೆಂಡತಿಯ ಬೈಗುಳಕ್ಕೆ ಕಿವಿಗೊಡದೆ ಕೆಳಗಿಳಿದು ಹೋಗಿ ಇನ್ನೊಮ್ಮೆ ಹತ್ತಿ ಬಂದ. ಮತ್ತೆ ಹಾಗೇ ಆಯಿತು.

ಡಾಕ್ಟರ ಮುಂದೆ ಕೂತವನು ಮೊದಲು ಕೇಳಿದ್ದು ಇದನ್ನೇ. ಈ ಕಾಯಿಲೆಯ ಎಷ್ಟೋ ಜನರಲ್ಲಿ ಹೀಗೆ ಆಗುತ್ತದೆ ಎಂದು ಅವರು ವಿವರಿಸಿದರು. ಮೆಟ್ಟಿಲಿನ ಅಂಚು ಕಣ್ಣಿಗೆ ಬೀಳುತ್ತದೆ, ಅದನ್ನು ದಾಟಬೇಕೆಂದು ಮಿದುಳು ಬೇರೆ ದಾರಿಯಲ್ಲಿ ಕಾಲಿಗೆ ಹೇಳುತ್ತದೆ. ನೆಲಕ್ಕೆ ಅಡ್ಡಗೆರೆ ಎಳೆದರೂ ಕೆಲವರಿಗೆ ನಡೆ ಬರುತ್ತದೆ. ವ್ಯಾಯಾಮ ಹೇಳಿಕೊಡುವವರ ಬಳಿ ಇವತ್ತು ಕಳಿಸಬೇಕೆಂದಿದ್ದದ್ದೂ ಅದಕ್ಕೇ. ಅಲ್ಲಿ ಬಣ್ಣದ ಪಟ್ಟಿಗಳ ಮೇಲೆ ನಡೆಸಿದಾಗ, ಆಟ ಸಿಕ್ಕವನ ಹಾಗೆ ಅವನು ಸಾಕೆನ್ನುವಷ್ಟು ಓಡಾಡಿದ.

ಮನೆಗೆ ಬಂದವನೇ ರಂಗೋಲಿ ಡಬ್ಬಿ ತರಿಸಿದ. ಮಿಲ್ಲಿನ ಬಾಗಿಲ ಮುಂದೆ, ಒಳಗೆ, ಹೆಜ್ಜೆಯಷ್ಟು ದೂರಕ್ಕೊಂದು ಗೆರೆ ಎಳೆಯಲು ಹೆಂಡತಿಗೆ ಹೇಳಿದ. ಬಸವಲಿಂಗಮ್ಮ ಬಗ್ಗಿದವಳು ಹಾಗೇ ತಡೆದು ನಿಂತಳು. ಹುಟ್ಟಿದಾಗಿನಿಂದ ರಂಗೋಲಿಯನ್ನು ತುಳಿಯದೆ ಸುತ್ತಿಕೊಂಡು ಹೋದವಳು ಅವಳು.

"ತುಳಿಯಕ್ಕೆ ಅಂತ ಯಾರಾದ್ರೂ ರಂಗೋಲಿ ಬುಡ್ತಾರಾ?"

"ತುಳಿಯಾಕಿಲ್ಲ ಕಣೆ. ದಾಟ್ತೀನಿ."

ಅವಳು ಎಳೆದಳು. ಗೆರೆ ನೆಟ್ಟಗೆ ಬರಲಿಲ್ಲ. ಅಕ್ರಮ್ ಮೋಟರು ನಿಲ್ಲಿಸಿ ಪಕ್ಕಕ್ಕೆ ಬಂದು ನಿಂತ. ಚನ್ನಲಿಂಗಪ್ಪ ಮೊದಲ ಗೆರೆ ನೋಡಿದ, ಕಾಲು ಎದ್ದಿತು. ಎರಡನೆಯದು ನೋಡಿದ, ಇನ್ನೊಂದು ಕಾಲೂ ಎದ್ದಿತು. ಬಾಗಿಲು ದಾಟಿ ಬೀಸುವ ಕಲ್ಲಿನ ಹತ್ತಿರದವರೆಗೂ ಹೋದ. ಬಸವಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದ್ಸಲ ಬನ್ನಿ ನೋಡಣ ಎಂದಳು. ಆ ಮಧ್ಯಾಹ್ನ ಬಂದ ರಾಗಿಯೆಲ್ಲ ತಡವಾಗಿ ಹಿಟ್ಟಾಯಿತು.

ಆಮೇಲೆ ಅಕ್ರಮ್ ಹಳದಿ ಪೇಂಟು ತಂದು ಮಿಲ್ಲಿನಲ್ಲೂ ಮನೆಯಲ್ಲೂ ಗೆರೆ ಬಳಿದ. ಎಲ್ಲ ಸುಖಾಂತವಾಯಿತೆಂದೇನೂ ಅಲ್ಲ. ಅವಸರವಾದರೆ, ಜನ ಮುತ್ತಿದರೆ, ಗೆರೆ ಇದ್ದರೂ ಕಾಲು ಹಟ ಹಿಡಿಯುತ್ತಿತ್ತು. ದೀಪಾವಳಿಯ ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಕೈಗೆ ಹಾಕಿದ ಕಟ್ಟು ಬಿಚ್ಚುವವರೆಗೂ ಅವನು ಯಾರನ್ನೂ ಏನೂ ಕೇಳಲಿಲ್ಲ. ಬಸವಲಿಂಗಮ್ಮನಿಗೆ ಬಿದ್ದದ್ದಕ್ಕಿಂತ ಆ ಮೌನವೇ ಹೆಚ್ಚು ದಿಗಿಲು ಹುಟ್ಟಿಸಿತು. ಅವಳೇ ಆಸ್ಪತ್ರೆಗೆ ಹೋಗಿ, ಗೆರೆ ಇಲ್ಲದ ಜಾಗದಲ್ಲಿ ಏನು ಮಾಡಬೇಕೆಂದು ಕೇಳಿ ಕಲಿತು ಬಂದಳು.

ಮಾಘದಲ್ಲಿ ಮಗಳು ಕವನ ಮರಳವಾಡಿಯಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದಳು. ಚಪ್ಪರದ ತುಂಬ ನೆಂಟರು, ಹಿಂದಿನಿಂದ ನೂಕು. ಮಾವಿನ ತೋರಣದ ಬಾಗಿಲಿಗೆ ಬಂದಾಗ ಚನ್ನಲಿಂಗಪ್ಪನ ಕಾಲು ನಿಂತಿತು. ಹಿಂದಿದ್ದವರು ಏನಾಯ್ತು ಏನಾಯ್ತು ಅನ್ನತೊಡಗಿದರು, ಒಬ್ಬರು ನೀರು ತರಲು ಓಡಿದರು. ಬಸವಲಿಂಗಮ್ಮ ಗಂಡನ ಪಕ್ಕಕ್ಕೆ ಬಂದು, ತನ್ನ ಪಾದವನ್ನು ಅವನ ಪಾದದ ಮುಂದೆ ಅಡ್ಡಲಾಗಿ ಇಟ್ಟಳು. ಅವನು ಕೆಳಗೆ ನೋಡಿದ. ಕಾಲು ಎತ್ತಿ, ಅವಳ ಪಾದ ದಾಟಿ, ಬಲಗಾಲಿಟ್ಟು ಮಗಳ ಮನೆಯೊಳಕ್ಕೆ ಹೋದ.

ನೀರು ತಂದವರಿಗೆ ಬಸವಲಿಂಗಮ್ಮ, "ಏನಿಲ್ಲ, ಒಸಿ ಫ್ರೀಜ್ ಆಗಿದ್ರು," ಎಂದು ಹೇಳಿ ಚೊಂಬು ಇಸಿದುಕೊಂಡು ತಾನೇ ಕುಡಿದಳು. ಒಳಗಿನಿಂದ ಆಗಲೇ ಅವನ ದನಿ ಕೇಳುತ್ತಿತ್ತು. ನೆಲಕ್ಕೆ ಹಾಸಿದ ಕಲ್ಲನ್ನು ಎಲ್ಲಿಂದ ತರಿಸಿದಿರಿ, ಅದಕ್ಕೆ ಏನೆಂದು ಕರೆಯುತ್ತಾರೆ ಎಂದು ಅಳಿಯನನ್ನು ವಿಚಾರಿಸುತ್ತಿದ್ದ.